ಒಂದು ವರ್ಷ ತಡವಾದ ನೀಲಿ ಚೀಟಿ

ವಿನಿಫ್ರೆಡ್ ಇಪ್ಪತ್ತಮೂರನೆಯ ಸ್ಕೋನ್ ಬನ್ನಿಗೆ ಬೆಣ್ಣೆ ಸವರುತ್ತಿದ್ದಳು. ಮಂಗಳವಾರದ ಬ್ರಿಜ್ ಕಾರ್ಡಾಟಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಅಷ್ಟರಲ್ಲೇ ಕತ್‌ಬರ್ಟ್ ಚರ್ಚಿನ ಅಡುಗೆಮನೆಗೆ ನುಗ್ಗಿ, ತಟ್ಟೆಯಲ್ಲಿ ಎಲ್ಲಕ್ಕಿಂತ ದಪ್ಪಗಿದ್ದದ್ದನ್ನೇ ಎತ್ತಿಕೊಂಡ.

“ಆಗ್ನೆಸ್ ಹೇಗಿದ್ದಾಳಪ್ಪಾ?” ಎಂದಳು ವಿನಿಫ್ರೆಡ್.

“ಅಕ್ಕನಾ? ಮನೇಲಿ ಕೂತು ಕಾಲ್ಚೀಲ ಹೆಣೀತಾಳೆ. ಕಾರ್ಡು ಮುಟ್ಟಲ್ಲ. ಮೂಗಿನ ಮುಂದೆ ಎತ್ತಿದ ಚೀಟೀನೂ ಕಾಣದವಳ ಜೊತೆ ಹೇಗೆ ಆಡ್ಲಿ, ನೀನೇ ಹೇಳು?”

ಅವನು ಅತ್ತ ಹೋದದ್ದೇ ವಿನಿಫ್ರೆಡ್ ಚಾಕು ಕೆಳಗಿಟ್ಟಳು.

ಆ ಚೀಟಿಯನ್ನು ಯಾರೂ ಎತ್ತಿಯೇ ಇರಲಿಲ್ಲ. ಹೋದ ವರ್ಷ ಬಹುಮಾನದ ಕಪ್ಪಿನ ಆಟದಲ್ಲಿ ವಿನಿಫ್ರೆಡ್ ‘ಎರಡು ಕಳಾವರ್’ ಎಂದು ಕೂಗಿದ್ದಳು. ಜೋಡಿಯ ಒಪ್ಪಂದದಂತೆ ಅದರರ್ಥ, ಅವಳ ಕೈಯಲ್ಲಿರುವುದು ಇಸ್ಪೀಟು ಮತ್ತು ಆಟೀನು ಎಂದು. ಇಂಥ ಒಳಅರ್ಥದ ಕೂಗಿಗೆ ಜೋಡಿಯಾದವಳು ನೀಲಿ ಚೀಟಿ ಎತ್ತಿ ಎದುರಿನವರನ್ನು ಎಚ್ಚರಿಸಬೇಕು. ಕೂಗಿದವಳು ತುಟಿ ಬಿಚ್ಚುವಂತಿಲ್ಲ. ಜೋಡಿಯಾದ ಹಿಲ್ಡಾಳ ಎರಡೂ ಕೈಗಳು ಆಗ ಬಾಯೊಳಗಿದ್ದವು. ಟಾಫಿ ಅವಳ ಹಲ್ಲುಸೆಟ್ಟನ್ನು ಹಿಡಿದು ಬಿಡುತ್ತಿರಲಿಲ್ಲ. ಎದುರಿನ ಜೋಡಿಯ ಆಗ್ನೆಸ್ ಕಳಾವರ್ ಅನ್ನೇ ನಂಬಿ ಸೋತಳು. ಆಟ ಮುಗಿದ ಕೂಡಲೇ ವಿನಿಫ್ರೆಡ್ ಒಪ್ಪಿಕೊಳ್ಳಬೇಕಿತ್ತು. ಆದರೆ ಚಪ್ಪಾಳೆ ಶುರುವಾಗಿಬಿಟ್ಟಿತು. “ಎತ್ತಿರ್ತಾರೆ, ನೀನು ನೋಡಿಲ್ಲ” ಎಂದು ಅವಳ ಜೋಡಿಯಾಗಿದ್ದ ಕತ್‌ಬರ್ಟ್ ರೇಗಿದ. ಪಾಪ, ಆಗ್ನೆಸ್ ತನ್ನ ತಲೆಯೇ ಕೆಟ್ಟಿತೆಂದು ನಂಬಿ ಆಟ ಬಿಟ್ಟಳು. ಮರುದಿನವೇ ಬರೆದ ತಪ್ಪೊಪ್ಪಿಗೆಯ ಕಾಗದ ವಿನಿಫ್ರೆಡ್‌ಳ ಚೀಲದಲ್ಲಿ ವರ್ಷದಿಂದ ಸುಕ್ಕಾಗುತ್ತಿತ್ತು.

“ಇವತ್ತು ಅಂಚೆಗೆ ಹಾಕೇ ಹಾಕ್ತೀನಿ,” ಎಂದಳು.

ಪಕ್ಕದಲ್ಲೇ ಚಹಾ ಸೋಸುತ್ತಿದ್ದ ಹಿಲ್ಡಾ ಜೇಬಿನಿಂದ ನೀಲಿ ಚೀಟಿ ತೆಗೆದು ಗಂಭೀರವಾಗಿ ಎತ್ತಿ ಹಿಡಿದಳು.

“ಇದ್ಯಾಕೇ?”

“ನನ್ನ ಜೋಡಿ ಮಾತಿಗೆ ಅರ್ಥ ಬೇರೆ ಇದೆ ಅಂತ. ‘ಇವತ್ತು’ ಅಂದ್ರೆ ಕ್ರಿಸ್‌ಮಸ್ ಕಳೀಲಿ ಅಂತ. ಹೋದ ಸಲಾನೂ ಹಾಗೇ ಆಯ್ತಲ್ಲ!”

ವಿನಿಫ್ರೆಡ್ ಚೀಟಿ ಕಿತ್ತುಕೊಂಡು ಕಾಗದದ ಲಕೋಟೆಯೊಳಗೆ ತುರುಕಿ, ನೆಕ್ಕಿ ಅಂಟಿಸಿದಳು.

“ಅಯ್ಯೋ, ಕಪ್ಪು ವಾಪಸ್ ಕೊಡ್ಬೇಕಾಗತ್ತೆ ಕಣೇ! ಅದರಲ್ಲಿರೋ ಚಮಚ ಎಲ್ಲಿಡ್ಲಿ?... ನನ್ನ ಹಲ್ಲಿನ ವಿಷಯ ಬರೆದಿಲ್ಲ ತಾನೇ?”

“ಎರಡು ಪುಟ.”

ಬೆಣ್ಣೆಗೈಯಲ್ಲೇ ಅವಳು ಹೊರಬಿದ್ದಳು. ಬಾಗಿಲಲ್ಲಿ ಕತ್‌ಬರ್ಟ್ ಅಡ್ಡ ಬಂದ. “ಆಟ ಶುರುವಾಗೋ ಹೊತ್ತಲ್ಲಿ ಎಲ್ಲಿಗೆ?”

“ನಿಮ್ಮ ಅಕ್ಕನಿಗೆ ಕಾಗದ ಹಾಕೋಕೆ.”

“ಏನಂತ?”

“ನಾನು ಹೇಳೋ ಹಾಗಿಲ್ಲಪ್ಪ. ನಿಯಮ. ನನ್ನ ಜೋಡೀನ ಕೇಳು.”

ಒಳಗೆ ಹಿಲ್ಡಾ ಗಡಿಬಿಡಿಯಿಂದ ಬಾಯಿಗೊಂದು ಟಾಫಿ ಹಾಕಿಕೊಂಡಳು. ಹೊರಗೆ ಮೂಲೆಯ ಕೆಂಪು ಅಂಚೆ ಡಬ್ಬದ ತಳಕ್ಕೆ ಕಾಗದ ಟಪ್ಪೆಂದು ಬಿತ್ತು.