ದಿವಾನರ ಕೈಗಳು

ನಾಗಲಿಂಗಾಚಾರಿ ಬೆಳಗಿನಿಂದ ಮೂರು ಸಲ ಚಾಕು ಕಾಯಿಸಿದ್ದ, ಮೂರು ಸಲವೂ ಆರಲು ಬಿಟ್ಟಿದ್ದ. ಎದುರಿಗೆ ಮಣೆಯ ಮೇಲೆ ಮೇಣದ ದಿವಾನರು ಪೇಟ ಸುತ್ತಿ, ಕೋಟು ತೊಟ್ಟು, ಎರಡು ಕೈ ಎರಡು ಕಾಲುಗಳ ಸಮೇತ ದರ್ಬಾರಿಗೆ ಹೊರಟವರಂತೆ ನಿಂತಿದ್ದರು. ಎಡವಟ್ಟಾಗಿದ್ದೇ ಅಲ್ಲಿ.

ನಿವೃತ್ತರಾದ ದಿವಾನರ ಎದೆಮಟ್ಟದ ಕಂಚಿನ ಪ್ರತಿಮೆಯೊಂದನ್ನು ಮಧುಗಿರಿಯ ವಾಚನಾಲಯದ ಗೂಡಿನಲ್ಲಿಡಬೇಕೆಂದು ಊರ ದೊಡ್ಡವರು ಗೊತ್ತುಮಾಡಿದ್ದರು. ಆದರೆ ಆಚಾರಿಯ ವಂಶದವರು ಮೊದಲು ಮೇಣದಲ್ಲಿ ತಿದ್ದಿ ಆಮೇಲೆ ಕಂಚಿನಲ್ಲಿ ಎರಕ ಹೊಯ್ದದ್ದೆಲ್ಲ ದೇವರುಗಳನ್ನೇ. ಪಾದದಿಂದ ಅಳತೆ ಹಿಡಿದು ಮೇಲೇರಿದರೆ ಮಾತ್ರ ಅವರಿಗೆ ಮುಖ ಸಿಗುತ್ತಿತ್ತು. ಈ ಪುಣ್ಯಾತ್ಮನೂ ದಿವಾನರನ್ನು ಪಾದದಿಂದಲೇ ಹತ್ತಿದ್ದ.

ವಾಚನಾಲಯದ ಪರ್ವತಯ್ಯನವರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಚಾರ್ರೇ, ಗೂಡ್ನಾಗೆ ಇಷ್ಟುದ್ದ ಹೆಂಗ್ ನಿಂತಾರು? ಕೈ ಸೊಂಟ ಕುಯ್ದ್ಬುಡಿ. ಮುಖ ಮಾತ್ರ ಅವರ್ದೇ ಕಣ್ರೀ!"

ಹೇಳಿ ಹೋದರು. ಕೊಯ್ಯಬೇಕಾದವನ ಹೆಂಡತಿ ಸರ್ವಮಂಗಳಮ್ಮನಿಗೆ ಆಗ ಏಳು ತಿಂಗಳು. ಬಸುರಿಯ ಗಂಡ ತೆಂಗಿನಕಾಯಿಯನ್ನೂ ಒಡೆಯಬಾರದು ಅನ್ನುವ ಊರಿನಲ್ಲಿ ಮನುಷ್ಯನ ಕೈ ಕೊಯ್ಯುವುದೇ? ನಾಲ್ಕು ವರ್ಷದ ಹಿಂದೆ ಅವಳ ಚೊಚ್ಚಲ ಬಸಿರಿನಲ್ಲಿ ಅವನು ಹಿತ್ತಲ ನುಗ್ಗೆಮರ ಕಡಿದಿದ್ದ. ಮಗು ಉಸಿರಿಲ್ಲದೆ ಹುಟ್ಟಿತು. ಕೇರಿಯವರು ಒಂದೆರಡು ದಿನ ಆಡಿಕೊಂಡು ಮರೆತರು. ಅವನು ಮರೆಯಲಿಲ್ಲ.

ಒಳಗೆ ಹೋದ, ನೀರು ಕುಡಿದ, ಹೊರಗೆ ಬಂದ. ಜಗಲಿಯ ಮೇಲೆ ಕೂತ, ಎದ್ದ. ಹೊಸದಾಗಿ ಮಾಡೋಣವೆಂದರೆ ಮತ್ತೆ ಪಾದದಿಂದಲೇ ಶುರು. ಬೇರೆಯವರ ಕೈಗೆ ಕೊಟ್ಟರೆ ಮುಖ ಕೆಟ್ಟೀತು. ನಾಲ್ಕನೆಯ ಸಲ ಚಾಕು ಕೆಂಡಕ್ಕಿಟ್ಟ.

ಸರ್ವಮಂಗಳಮ್ಮ ಬಂದು ಕೆಂಡದಿಂದ ಚಾಕು ತೆಗೆದುಕೊಂಡಳು. ಅವನು ಬಾಯಿ ತೆರೆಯುವಷ್ಟರಲ್ಲಿ ದಿವಾನರ ಬಲಗೈ ಮಣೆಯ ಮೇಲೆ ಬಿದ್ದಿತ್ತು.

"ಅಯ್ಯೋ, ಏನ್ ಮಾಡ್ಬುಟ್ಟೆ!"

"ಗಂಡ ಕುಯ್ಬಾರ್ದು ಅಂತ ಅಲ್ವಾ ಹೇಳಾದು? ನಾನು ಕುಯ್ದೆ." ಎಡಗೈಯೂ ಬಿತ್ತು. "ನಾಕು ವರ್ಸ ಆ ಮರಕ್ಕೆ ನಿಮ್ಮನ್ನ ನೀವೇ ಬಯ್ಕಂಡಿದ್ದು ಸಾಕು. ಈ ಸಲ ಏನಾರ ಆದ್ರೆ ನನ್ನ ಬಯ್ಯಿ. ನಾನು ತಡ್ಕಂತೀನಿ."

ಧೈರ್ಯದ ಮಾತೇ ಹೌದು. ಆದರೆ ಚಾಕು ಸೊಂಟಕ್ಕೆ ತಾಗುವ ಹೊತ್ತಿಗೆ ಅವಳ ಇನ್ನೊಂದು ಕೈ ತನ್ನ ಹೊಟ್ಟೆಯನ್ನು ಬಿಗಿಯಾಗಿ ಮುಚ್ಚಿಕೊಂಡಿತ್ತು. ತನ್ನಷ್ಟೇ ಇವಳಿಗೂ ಭಯವಿದೆ, ನಾಲ್ಕು ವರ್ಷವೂ ಇತ್ತು ಎಂದು ಅವನಿಗೆ ಆಗ ತಿಳಿಯಿತು. ನಾಚಿಕೆಯಾಯಿತು, ಅಳು ಬಂತು.

ಅವಳ ಹಿಂದೆ ಕೂತು, ಚಾಕು ಹಿಡಿದ ಅವಳ ಕೈಯ ಮೇಲೆ ತನ್ನ ಕೈ ಇಟ್ಟ.

"ಬುಡಿ, ನೀವು ಮುಟ್ಬ್ಯಾಡಿ," ಅಂದಳು.

"ಏನೇ ಬಂದ್ರೂ ಇಬ್ರಿಗೂ ಬರ್ಲಿ," ಅಂದು ಅವನು ಚಾಕು ಒತ್ತಿದ.