ಎರಡೇ ವಾರ ಎಂದವಳು

ಮಕ್ಕಳ ಕಲ್ಯಾಣ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಫೈಲಮ್ಮ ಎಂದು. ಹದಿಮೂರು ವರ್ಷಗಳಲ್ಲಿ ಅವಳ ಕೈಯಿಂದ ಒಂದು ಕಾಗದವೂ ಕಳೆದುಹೋಗಿರಲಿಲ್ಲ. ಮನೆಗಳಿಗೆ ಹೋಗಿ, ಮಕ್ಕಳು ಅಲ್ಲಿ ಇರಬಹುದೋ ಇಲ್ಲವೋ ಎಂದು ನೋಡಿ ವರದಿ ಬರೆಯುವುದು ಅವಳ ಕೆಲಸ. ಆ ವರದಿಯ ಮೇಲೆ ಮಗು ಮನೆಯಲ್ಲೇ ಉಳಿಯುತ್ತಿತ್ತು, ಇಲ್ಲವೇ ಕಚೇರಿಯ ಜೀಪು ಹತ್ತುತ್ತಿತ್ತು.

ನಲವತ್ತು ದಾಟಿದ ಮೇಲೆ ಅವಳಿಗೆ ಮತ್ತೆ ಓದಬೇಕೆನಿಸಿತು. ಸಮಾಜ ಕಲ್ಯಾಣದಲ್ಲಿ ಪಿಎಚ್.ಡಿ. ಮಾಡುವ ಆರು ಜನರಿಗೆ ವಿಶ್ವವಿದ್ಯಾಲಯವೇ ನಾಲ್ಕು ವರ್ಷ ಫೆಲೋಶಿಪ್ ಕೊಡುತ್ತದೆ ಎಂಬ ಪ್ರಕಟಣೆ ಕಣ್ಣಿಗೆ ಬಿದ್ದಿತ್ತು. ಅಂಕಪಟ್ಟಿ ಸಿಕ್ಕಿತು. ಹಳೆಯ ಮೇಷ್ಟ್ರು ಒಂದು ಶಿಫಾರಸು ಪತ್ರ ಕೊಟ್ಟರು, ಇನ್ನೊಂದನ್ನು ಕೊಡುತ್ತೇನೆಂದು ಕಚೇರಿಯ ಮೇಲಧಿಕಾರಿ ಒಪ್ಪಿದರು. ಉಳಿದದ್ದು ಎರಡು ಪುಟದ ಉದ್ದೇಶ ಪತ್ರ. 'ನಿಮ್ಮನ್ನು ಈ ಸಂಶೋಧನೆಗೆ ಕರೆತಂದ ಅನುಭವ ಯಾವುದು?' ಎಂದು ಅರ್ಜಿಯಲ್ಲಿ ಕೇಳಿದ್ದರು. ಅಲ್ಲಿಗೆ ಬಂದು ಅವಳ ಪೆನ್ನು ನಿಂತುಬಿಟ್ಟಿತು.

"ಹದಿಮೂರು ವರ್ಷ ಊರವರ ಕಥೆಯೆಲ್ಲ ಬರೆದಿದೀಯ, ನಿಂದು ಎರಡು ಪುಟ ಬರೆಯೋಕೆ ಇಷ್ಟು ಒದ್ದಾಟನಾ?" ಎಂದಳು ಜೊತೆಯಲ್ಲೇ ಇದ್ದ ಅಕ್ಕ. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಎಂಥ ಗಾಯವಾದರೂ ತೊಳೆದು ಕಟ್ಟಿದರೆ ಮುಗಿಯಿತು ಎನ್ನುವ ಜಾತಿ.

"ಬರೆಯೋಕೆ ಕೂತ್ರೆ ಆ ಹುಡುಗಿ ಬರ್ತಾಳೆ ಕಣೆ."

"ಯಾವ ಹುಡುಗಿ?"

ಅವಳು ಪೆನ್ನಿನ ಮುಚ್ಚಳ ಹಾಕಿ ಎದ್ದಳು.

ಒಂಬತ್ತು ವರ್ಷದ ಹಿಂದಿನ ಮಾತು. ಅಕ್ಕ ತಂಗಿ ಇಬ್ಬರು ಮಕ್ಕಳು, ದೊಡ್ಡವಳಿಗೆ ಹತ್ತು, ಚಿಕ್ಕವಳಿಗೆ ನಾಲ್ಕು. ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದರು, ಬೇರೆ ದಿಕ್ಕಿರಲಿಲ್ಲ. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಜಾಗ ಹುಡುಕಿದ್ದರೆ ಸಿಗುತ್ತಿತ್ತೇನೋ, ಅದಕ್ಕೆ ಇನ್ನೂ ಎರಡು ದಿನ ಬೇಕಿತ್ತು. ಅಂದು ವಾರದ ಕೊನೆಯ ದಿನ, ಮಧ್ಯಾಹ್ನ. ಫೈಲಮ್ಮ ವರದಿಯಲ್ಲಿ 'ಬೇರೆ ಬೇರೆ ಇರಿಸುವುದರಿಂದ ತೊಂದರೆಯಿಲ್ಲ' ಎಂದು ಬರೆದು ಸಹಿ ಹಾಕಿದಳು. ದೊಡ್ಡವಳು ಹುಡುಗಿಯರ ಹಾಸ್ಟೆಲ್ಲಿಗೆ, ಚಿಕ್ಕವಳು ಎಳೆಮಕ್ಕಳ ಮನೆಗೆ.

"ಎರಡೇ ವಾರ, ಆಮೇಲೆ ಒಟ್ಟಿಗೆ ಇರ್ತೀರ" ಎಂದಿದ್ದಳು ಜೀಪಿನ ಬಾಗಿಲಲ್ಲಿ.

"ಎರಡು ವಾರ ಅಂದ್ರೆ ಎಷ್ಟು ದಿನ ಮೇಡಂ?" ದೊಡ್ಡವಳು ಕೇಳಿದಳು.

"ಹದಿನಾಲ್ಕು."

"ಅವಳಿಗೆ ಐದರವರೆಗೆ ಮಾತ್ರ ಎಣಿಸೋಕೆ ಬರುತ್ತೆ. ಆಮೇಲೆ ಏನು ಮಾಡ್ತಾಳೆ?"

ತಾಯಿ ಆಸ್ಪತ್ರೆಯಿಂದ ಬರಲೇ ಇಲ್ಲ. ಚಿಕ್ಕವಳನ್ನು ಯಾರೋ ದತ್ತು ತೆಗೆದುಕೊಂಡರು, ಆ ಮನೆ ಯಾವುದೆಂದು ಯಾರಿಗೂ ತಿಳಿಯದಂತೆ ಫೈಲಿಗೆ ಮೊಹರು ಬಿತ್ತು. ದೊಡ್ಡವಳ ಆ ಮಾತು ಮಾತ್ರ ಫೈಲಮ್ಮನ ಬೆನ್ನು ಬಿಡಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ, ನಲ್ಲಿ ಬಿಟ್ಟಾಗ ನೀರಿನೊಳಗಿಂದ, ಖಾಲಿ ಮನೆಯೊಂದರ ತನಿಖೆಗೆ ಹೋದಾಗ ಪಕ್ಕದ ಕೋಣೆಯಿಂದ, ಪಿಸುಗುಟ್ಟಿದಂತೆ ಕೇಳುತ್ತಿತ್ತು: ಆಮೇಲೆ ಏನು ಮಾಡ್ತಾಳೆ? ಅವಳು ತಿರುಗಿ ನೋಡುತ್ತಿದ್ದಳು. ನೋಡಿದರೆ ಏನಿರುತ್ತದೆ, ಗೋಡೆ.

ಉದ್ದೇಶ ಪತ್ರದಲ್ಲಿ ಬರೆದರೆ ಇದನ್ನೇ ಬರೆಯಬೇಕು, ಇದನ್ನು ಬಿಟ್ಟು ಬರೆದರೆ ಸುಳ್ಳು ಎನಿಸಿತು. ಕೇಳದೆ ಬರೆಯಬಾರದೆಂದು ದೊಡ್ಡವಳನ್ನು ಹುಡುಕಿಕೊಂಡು ಹೋದಳು.

ದೊಡ್ಡವಳು ಒಂದು ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಹಬೆ ತುಂಬಿದ ಕೋಣೆ, ಉದ್ದ ಮೇಜು, ಅದರ ಮೇಲೆ ಯಾವುದೋ ಹೋಟೆಲಿನ ದಿಂಬಿನ ಚೀಲಗಳ ರಾಶಿ.

"ಗುರುತು ಸಿಕ್ತಾ?" ಎಂದಳು ಫೈಲಮ್ಮ.

"ನಿಮ್ಮನ್ನ ಮರೆಯೋದು ಹೇಗೆ ಮೇಡಂ." ಇಸ್ತ್ರಿಪೆಟ್ಟಿಗೆ ನಿಲ್ಲಲಿಲ್ಲ.

ಫೈಲಮ್ಮ ಬಂದ ಕಾರಣ ಹೇಳಿದಳು. ಹೆಸರು ಹಾಕುವುದಿಲ್ಲ, ಊರು ಹಾಕುವುದಿಲ್ಲ ಎಂದಳು. ಹುಡುಗಿ ಪೂರ್ತಿ ಕೇಳಿಸಿಕೊಂಡಳು.

"ಅದನ್ನ ಬರೆದ್ರೆ ನಿಮಗೆ ಸೀಟು ಸಿಗುತ್ತಾ?"

"ಸಿಗಬಹುದು."

"ಹಾಗಾದ್ರೆ ಬೇಡ. ನಂದು ಅಂತ ಇರೋದು ಅದೊಂದೇ. ಅದನ್ನೂ ನೀವೇ ತಗೊಂಡು ಹೋಗಬೇಡಿ."

ಫೈಲಮ್ಮನ ಮುಖಕ್ಕೆ ಹೊಡೆದಂತಾಯಿತು. ಆದರೂ ಬಾಗಿಲವರೆಗೆ ಹೋದವಳು ತಿರುಗಿ ಬಂದಳು.

"ಹದಿನೆಂಟು ತುಂಬಿದ ಮೇಲೆ ತಂಗಿನ ನೋಡಬೇಕು ಅಂತ ನೀನು ಅರ್ಜಿ ಹಾಕಬಹುದು. ಕಚೇರಿ ಅದನ್ನ ಆ ಮನೆಯವರಿಗೆ ತಲುಪಿಸಬೇಕು. ಗೊತ್ತಿತ್ತಾ?"

ಇಸ್ತ್ರಿಪೆಟ್ಟಿಗೆ ಈಗ ನಿಂತಿತು. "ನಂಗೀಗ ಹತ್ತೊಂಬತ್ತು" ಎಂದಳು ಹುಡುಗಿ. "ಯಾರೂ ಹೇಳಲೇ ಇಲ್ಲವಲ್ಲ."

ಇಬ್ಬರೂ ಮರುದಿನವೇ ಅರ್ಜಿ ತುಂಬಿದರು. ಅಕ್ಕತಂಗಿಯರನ್ನು ಬೇರ್ಪಡಿಸಿದ ಕಾರಣ ಎಂಬಲ್ಲಿ ಅಧಿಕಾರಿಯ ಹೇಳಿಕೆ ಬೇಕಿತ್ತು. ಫೈಲಮ್ಮ ಬರೆದಳು: 'ಒಟ್ಟಿಗೆ ಇರಿಸಲು ನಾನು ಪ್ರಯತ್ನಿಸಲಿಲ್ಲ. ಎರಡು ವಾರ ಎಂದು ಮಕ್ಕಳಿಗೆ ಹೇಳಿದ್ದು ನಾನೇ. ಹಾಗೆ ಹೇಳಲು ಆಧಾರವಿರಲಿಲ್ಲ.'

ಅದನ್ನು ಓದಿದ ಮೇಲಧಿಕಾರಿ ಕನ್ನಡಕ ತೆಗೆದಿಟ್ಟರು. "ಸುಮ್ಮನಿದ್ದ ಹುಣ್ಣನ್ನ ಯಾಕೆ ಕೆರೀತೀರಿ? 'ಸ್ಥಳಾವಕಾಶ ಇರಲಿಲ್ಲ' ಅಂತ ಬರೀರಿ, ಮುಗೀತು."

"ಸ್ಥಳ ಇತ್ತೋ ಇಲ್ವೋ ನಾನು ವಿಚಾರಿಸಲೇ ಇಲ್ಲ ಸರ್."

"ನಿಮ್ಮಿಷ್ಟ. ಆದ್ರೆ ಶಿಫಾರಸು ಪತ್ರಕ್ಕೆ ನನ್ನ ಹತ್ತಿರ ಬರಬೇಡಿ."

ಫೆಲೋಶಿಪ್ಪಿನ ಅರ್ಜಿ ಕಳಿಸಲು ನಾಲ್ಕು ದಿನ ಉಳಿದಿತ್ತು. ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ಅಕ್ಕ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಆ ಎಳೆಮಕ್ಕಳ ಮನೆ ನೋಡ್ಕೋತಿದ್ದ ಮೇಟ್ರನ್ ಇನ್ನೂ ಇದಾರಾ? ಶಿಫಾರಸು ಪತ್ರ ಅವರನ್ನ ಕೇಳು" ಎಂದಳಷ್ಟೇ.

ಮೇಟ್ರನ್‌ಗೆ ಎಪ್ಪತ್ತು ದಾಟಿತ್ತು. ಕೆಲಸ ಬಿಟ್ಟು ಮೂರನೆಯ ಮಹಡಿಯ ಸಣ್ಣ ಕೋಣೆಯಲ್ಲಿದ್ದರು. ಅಲ್ಲೇ ಕುಳಿತು ಅರ್ಧ ಪುಟ ಬರೆದು, ಅಂಟಿಸದೆ ಕೈಗೆ ಕೊಟ್ಟರು. 'ಈಕೆ ಒಂದು ಮಗುವನ್ನು ನಮ್ಮಲ್ಲಿ ಬಿಟ್ಟುಹೋದರು. ಆಮೇಲೆ ಒಂದು ವರ್ಷ, ತಿಂಗಳಿಗೊಮ್ಮೆ ಬಂದು ಗೇಟಿನ ಹೊರಗೆ ನಿಂತು ಹೋಗುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಳಗೆ ಬರಲಾರದವರು ಈ ಕೆಲಸದಲ್ಲಿ ಬಹಳ ಜನ. ಅವರಲ್ಲೊಬ್ಬರು ಓದಿ ಬರೆದರೆ ಒಳ್ಳೆಯದು.'

"ನೋಡಿದ್ರಾ ನೀವು?" ಫೈಲಮ್ಮ ಪತ್ರದಿಂದ ತಲೆಯೆತ್ತಿದಳು. "ಮಗು ಏನು ಮಾಡ್ತಿತ್ತು ಆಗ?"

"ಮೊದಲನೇ ತಿಂಗಳು ಬಾಗಿಲ ಹತ್ರಾನೇ ಕೂತಿರ್ತಿತ್ತು. ಆಮೇಲೆ ಕೂರೋದು ಬಿಡ್ತು" ಎಂದರು ಮೇಟ್ರನ್.

ಉದ್ದೇಶ ಪತ್ರದಲ್ಲಿ ಅವಳು ಆ ಮಕ್ಕಳ ಸುದ್ದಿ ಎತ್ತಲಿಲ್ಲ. ತಾತ್ಕಾಲಿಕವೆಂದು ಬೇರ್ಪಡಿಸಿದ ಒಡಹುಟ್ಟಿದವರಲ್ಲಿ ಎಷ್ಟು ಜನ ಮತ್ತೆ ಸೇರುತ್ತಾರೆ, ಅವರಿಗೆ ಯಾರು ಏನು ಹೇಳಿರುತ್ತಾರೆ, ಇದನ್ನು ತಿಳಿಯಬೇಕು ಎಂದಷ್ಟೇ ಬರೆದಳು. ಸಂದರ್ಶನದಲ್ಲಿ ಮೂವರು ಪ್ರಾಧ್ಯಾಪಕರಿದ್ದರು. ಅವರಲ್ಲಿ ಹಿರಿಯಾಕೆ ಮೇಟ್ರನ್ ಪತ್ರ ಹಿಡಿದು, "ಗೇಟಿನ ಹೊರಗೇ ಯಾಕೆ ನಿಂತ್ರಿ?" ಎಂದು ಕೇಳಿದರು.

"ಕ್ಷಮಿಸಿ ಮೇಡಂ, ಅದು ಇನ್ನೊಬ್ಬರ ಕಥೆ. ಹೇಳಬೇಡಿ ಅಂದಿದಾರೆ."

ಹಿರಿಯಾಕೆ ಪತ್ರವನ್ನು ಮಡಚಿಟ್ಟು, ನೀವು ಹೊರಡಬಹುದು ಎಂದರು. ಕೈ ತಪ್ಪಿತು ಎಂದುಕೊಂಡೇ ಬಸ್ಸು ಹತ್ತಿದಳು.

ಸೀಟು ಸಿಕ್ಕಿತು, ಫೆಲೋಶಿಪ್ಪೂ ಸಿಕ್ಕಿತು. ಅದೇ ವಾರ ದತ್ತು ತೆಗೆದುಕೊಂಡ ಮನೆಯಿಂದಲೂ ಉತ್ತರ ಬಂತು. ಕಚೇರಿಯ ಕೊನೆಯ ಕೆಲಸವೆಂದು ಅದನ್ನು ಅವಳೇ ಲಾಂಡ್ರಿಗೆ ಒಯ್ದಳು. ಮಗಳು ಆರೋಗ್ಯವಾಗಿದ್ದಾಳೆ, ಚೆನ್ನಾಗಿ ಓದುತ್ತಾಳೆ, ತನಗೊಬ್ಬಳು ಅಕ್ಕ ಇದ್ದಳೆಂಬುದು ಅವಳಿಗೆ ನೆನಪಿಲ್ಲ, ಈಗ ಹೇಳಲು ನಮಗೆ ಧೈರ್ಯವಿಲ್ಲ, ನಿಮ್ಮ ಕಾಗದವನ್ನು ತೆಗೆದಿರಿಸಿದ್ದೇವೆ ಎಂದಿತ್ತು.

ಹುಡುಗಿ ಎರಡು ಸಲ ಓದಿದಳು.

"ನೆನಪಿಲ್ಲ ಅಂದ್ರೆ ಕಾದೂ ಇಲ್ಲ ಅಂತಾಯ್ತಲ್ಲ" ಎಂದಳು ನಿಧಾನವಾಗಿ. "ಒಳ್ಳೇದೇ ಆಯ್ತು ಬಿಡಿ."

ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಬುಟ್ಟಿಯಿಂದ ಒಗೆದು ಒಣಗಿಸಿದ ದೊಡ್ಡ ಹಾಸಿಗೆ ಬಟ್ಟೆಯೊಂದನ್ನು ಎಳೆದಳು. ಒಬ್ಬಳೇ ಅದನ್ನು ಮಡಚುವಂತಿರಲಿಲ್ಲ. ಫೈಲಮ್ಮ ಚೀಲ ಕೆಳಗಿಟ್ಟು ಇನ್ನೊಂದು ತುದಿ ಹಿಡಿದಳು. ಹುಡುಗಿ ಬೇಡ ಎನ್ನಲಿಲ್ಲ. ಬುಟ್ಟಿ ಖಾಲಿಯಾಗುವವರೆಗೆ ಇಬ್ಬರೂ ಕೊಡವಿ ಮಡಚುತ್ತಲೇ ಇದ್ದರು.