ಸತ್ಯವೇದದಲ್ಲಿಲ್ಲದ ವಚನ

ಲೂಯಿಸ್ ದ್ವೀಪದ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುವಿನ ಮೇಜಿಗೆ ಹೋಗುವುದೆಂದರೆ ಹುಡುಗಾಟವಲ್ಲ. ದೇವರು ಮುಟ್ಟಿದ ಗುರುತು ಬೇಕು. ಸತ್ಯವೇದದ, ಅಂದರೆ ಬೈಬಲಿನ, ಒಂದು ವಚನ ತಾನಾಗಿ ಬಂದು ಎದೆಗೆ ನಾಟಿರಬೇಕು. ಮಾರ್ಸಲಿಗೆ ಅರವತ್ತು ದಾಟಿದರೂ ಅದು ಬಂದಿರಲಿಲ್ಲ. ಬರುವುದಾದರೂ ಹೇಗೆ, ಹೇಳಿ? ಪುಸ್ತಕವೆಲ್ಲ ಬಾಯಿಪಾಠ. ಯಾವ ವಚನ ಬಂದರೂ ಅದು ದೇವರು ಕಳಿಸಿದ್ದೋ, ತನ್ನ ನೆನಪೇ ಎತ್ತಿಕೊಟ್ಟದ್ದೋ ಎಂದು ಅನುಮಾನ. ಹಾಗಾಗಿ ಪ್ರತಿ ಸಲವೂ ಹಿಂದಿನ ಬೆಂಚಿನಲ್ಲಿ ಕೂತು, ರೊಟ್ಟಿ ತೆಗೆದುಕೊಳ್ಳುವವರ ಬೆನ್ನು ನೋಡಿಕೊಂಡು ಮನೆಗೆ ಬರುತ್ತಿದ್ದಳು.

ಅಂಥದ್ದರಲ್ಲಿ ತಂಗಿ ಡೊಲೀನಾ! ಜೀವಮಾನವೆಲ್ಲ ಗ್ಲಾಸ್ಗೋದ ಹೋಟೆಲಿನಲ್ಲಿ ದುಡಿದು, ಭಾನುವಾರಗಳನ್ನೂ ಬಿಡದೆ ಕುಣಿದು, ಮೊನ್ನೆ ಮೊನ್ನೆ ಊರಿಗೆ ಮರಳಿದವಳು. ಗುರುವಾರ ಆಲೂಗಡ್ಡೆ ಸುಲಿಯುತ್ತಾ ಅಂದಳು:

"ಅಕ್ಕಾ, ನಂಗೆ ಬಂತು ಕಣೇ."

"ಏನು, ನೆಗಡಿನಾ?"

"ವಚನ! ಬಟ್ಟೆ ಒಣಗಾಕ್ತಿದ್ದೆ. ಯಾರೋ ಪಕ್ಕದಲ್ಲೇ ನಿಂತು ಹೇಳಿದ ಹಾಗಾಯ್ತು. 'ನನ್ನ ಮುಖ ಕಾಣದಿದ್ದರೇನು, ನಿನ್ನ ಕೈ ನನ್ನ ಕೈಯಲ್ಲಿದೆ.' ಶನಿವಾರ ಸಭೆಯ ಹಿರಿಯರ ಮುಂದೆ ಹೇಳ್ತೀನಿ. ಎಲ್ಲಿ ಬರುತ್ತೆ ಅದು, ಪ್ರವಾದಿ ಯೆಶಾಯನ ಪುಸ್ತಕದಲ್ಲಾ?"

ಮಾರ್ಸಲಿ ಪುಸ್ತಕ ತೆರೆದು ನೋಡಬೇಕಿರಲಿಲ್ಲ. ಯೆಶಾಯನಲ್ಲೂ ಇಲ್ಲ, ಸತ್ಯವೇದದಲ್ಲಿ ಎಲ್ಲೂ ಇಲ್ಲ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹೋಗಲಿ, ಹಿರಿಯ ಟೊರ್ಕಿಲನ ಮುಂದೆಯೇ ಮುಖಭಂಗವಾಗಲಿ! ಒಂದಕ್ಷರ ಆಚೀಚೆಯಾದರೂ ಬಿಡುವ ಆಸಾಮಿಯಲ್ಲ ಅವನು.

"ಸಿಪ್ಪೆ ದಪ್ಪ ಬರ್ತಿದೆ, ನೋಡ್ಕೊಂಡು ಸುಲಿ," ಅಂದಳು.

ಶನಿವಾರ ತಂಗಿ ಹೋದ ಮೇಲೆ ಮಾರ್ಸಲಿ ಕಿಟಕಿ ಬಿಟ್ಟು ಕದಲಲಿಲ್ಲ. ಅಳುತ್ತಾ ಬರುತ್ತಾಳೆ, ಸಮಾಧಾನ ಮಾಡೋಣ ಎಂದು ಚಹಾ ಕೂಡ ಇಟ್ಟಿದ್ದಳು. ಎಂಥಾ ಅಕ್ಕರೆ ನೋಡಿ! ಡೊಲೀನಾ ಬಂದು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಮೇಜಿಗೆ ಬರಲು ಅಪ್ಪಣೆ ಕೊಡುವ ಸೀಸದ ಬಿಲ್ಲೆ.

"ಕೊಟ್ರಾ?" ಮಾರ್ಸಲಿ ಬಿಲ್ಲೆಯ ಹತ್ತಿರಕ್ಕೆ ಬಾಗಿದಳು.

"'ಇದು ಸತ್ಯವೇದದಲ್ಲಿ ಇಲ್ವಲ್ಲಮ್ಮ' ಅಂದ್ರು ಟೊರ್ಕಿಲಣ್ಣ. ಅಕ್ಕನಿಗೆ ಹೇಳಿದೀನಿ, ತಪ್ಪಿದ್ರೆ ಅವಳು ನನ್ನ ಸುಮ್ನೆ ಕಳಿಸ್ತಿದ್ಲಾ ಅಂದೆ. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಆಮೇಲೆ, 'ದೇವರ ಬಗ್ಗೆ ನಿಂಗೇನು ಗೊತ್ತು?' ಅಂತ ಕೇಳಿದ್ರು. ಏನೂ ಗೊತ್ತಿಲ್ಲ; 'ಬನ್ನಿ' ಅಂತ ಪುಸ್ತಕದಲ್ಲಿದೆಯಲ್ಲ, ಅದಕ್ಕೇ ಬಂದೆ ಅಂದೆ. 'ಹೌದು, ಅದಿದೆ. ನಮಗೂ ಅದಕ್ಕಿಂತ ಜಾಸ್ತಿ ಗೊತ್ತಿಲ್ಲ' ಅಂತ ಇದನ್ನ ಕೊಟ್ರು."

ಡೊಲೀನಾ ಟೋಪಿ ತೆಗೆದು ಅಕ್ಕನ ಎದುರಿಗೆ ಕೂತಳು.

"ನಿಂಗೆ ಗೊತ್ತಿತ್ತು ಅಲ್ವಾ, ಅಕ್ಕಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು. ಇನ್ನೇನು? ನಾನು ಇಲ್ಲಿ ಕಾದು ಕಾದು ಮುದುಕಿಯಾದೆ. ನೀನು ಒದ್ದೆ ಬಟ್ಟೆ ಹಿಡ್ಕೊಂಡು ನಿಂತ್ರೆ ಬಂದುಬಿಡ್ತಂತೆ!"

ಡೊಲೀನಾ ಜಗಳಕ್ಕೆ ಬೀಳಲಿಲ್ಲ. ಅದು ಅಕ್ಕನನ್ನು ಇನ್ನೂ ಉರಿಸಿತು.

"ಹಾಗಾದ್ರೆ ಆ ಮಾತು ಯಾರದ್ದೇ?"

"ಅಮ್ಮಂದು. ನಾವು ಚಿಕ್ಕವರಿದ್ದಾಗ ಒಂದಿನ ಹೊಲದಾಚೆ ಬಯಲಲ್ಲಿ ಮಂಜು ಕವಿದು ದಾರಿ ತಪ್ಪಿತ್ತು. ಒಂದು ಮಾರು ದೂರ ಕಾಣ್ತಿರ್ಲಿಲ್ಲ. ಅಳ್ತಾ ಇದ್ದಿದ್ದು ನಾನು. ನೀನು ಅಮ್ಮನ ಬೆನ್ನ ಮೇಲೆ ಶಾಲಿನೊಳಗೆ ನಿದ್ದೆ ಮಾಡ್ತಿದ್ದೀಯ ಅಂದ್ಕೊಂಡಿದ್ವಿ."

ಮಾರ್ಸಲಿ ತನ್ನ ಖಾಲಿ ಅಂಗೈಯನ್ನು ನೋಡಿಕೊಂಡಳು.

"ಅಮ್ಮ ಹಿಡಿದಿದ್ದು ನನ್ನ ಕೈ ಕಣೇ, ಡೊಲೀನಾ. ಹೇಳಿದ್ದು ನಂಗೆ."